ಕೂಗುವ ಕುಕ್ಕರ್, ಕೂತ ಕುಡಿಕೆ

ಭಾಗೀರಥಮ್ಮನವರ ಅಡುಗೆಮನೆಯ ಮೂಲೆಯಲ್ಲಿ ಮೊಸರಿನ ಕುಡಿಕೆಯೊಂದು, ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕಿದಾಗಿನಿಂದ ತುಟಿಪಿಟಕ್ಕೆನ್ನದೆ ಕೂತಿತ್ತು. ಸಂಜೆ ಒಲೆಯೇರಿದ ಕುಕ್ಕರ್ ಒಂದು ಕೂಗು ಹಾಕಿ, “ಎಲೈ ಕುಡಿಕೆ, ಮನೆ ತುಂಬ ನೆಂಟರಿದ್ದಾರೆ. ನನ್ನ ಹಾಗೆ ಮೈ ಕುಣಿಸಿ ನಾಲ್ಕು ಮಾತಾಡು. ಹೀಗೆ ಮುದುಡಿ ಕೂತರೆ ನಿನ್ನನ್ನು ಕೇಳುವವರಿಲ್ಲ” ಎಂದಿತು.

ಕುಡಿಕೆ ಅಲುಗಲಿಲ್ಲ. “ಅಕ್ಕಾ, ಕೂಗದಿದ್ದರೆ ನೀವು ಸಿಡಿಯುತ್ತೀರಿ. ಕುಣಿದರೆ ನನ್ನ ಮೊಸರು ಕೆಡುತ್ತದೆ. ನೀವು ಕರೆಯಿರಿ, ನಾನು ಕಾಯುತ್ತೇನೆ” ಎಂದಿತು.

ಕುಕ್ಕರ್ ನಕ್ಕು ಮತ್ತೆ ಕೂಗಿತು. ಆ ಕೂಗಿಗೆ ನೆಂಟರೆಲ್ಲ ಬಂದು ಕೂತರು, ಹೊಗಳಿ ಹೊಗಳಿ ಸಾರನ್ನ ಉಂಡರು. ಕುಕ್ಕರ್ ಬರಿದಾಯಿತು. ಆದರೂ ಯಾರೂ ಕೈ ತೊಳೆಯಲು ಏಳಲಿಲ್ಲ. ತಟ್ಟೆಯಲ್ಲಿ ಕೊನೆಯ ಹಿಡಿ ಅನ್ನ ಉಳಿಸಿಕೊಂಡು, ಎಲ್ಲರೂ ಮೂಲೆಯ ಕಡೆ ನೋಡುತ್ತಿದ್ದರು.