ಸಂಕವ್ವನ ಮರಳಿನ ಬುಟ್ಟಿ

ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಚಳಿಯ ಕಥೆ ಇದು. ಕಂಬಳಿ ಇದ್ದವರು ಇಲ್ಲದವರಿಗೂ ಒಂದು ಚೂರು ಹೊದೆಸಿ.

ನೀಲಗಿರಿ ಬೆಟ್ಟದ ನೆತ್ತಿಯಲ್ಲಿ ಒಂದು ಊರು. ಪುಷ್ಯಮಾಸ ಬಂತೆಂದರೆ ಅಲ್ಲಿ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಕೂರುತ್ತದೆ. ಕೆಳಗಿನ ಬಿಸಿಲುನಾಡಿನಿಂದ ಆ ಊರಿಗೆ ಸೊಸೆಯಾಗಿ ಬಂದವಳು ಸಂಕವ್ವ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆ ವರ್ಷ ತವರಿನಲ್ಲಿ ತಾಯಿಯೂ ಹೋದಳು. ತಾಯಿಯ ಹಿತ್ತಲಿನ ಐದು ಸುಗಂಧರಾಜದ ಗೆಡ್ಡೆಗಳನ್ನು ಸಂಕವ್ವ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ತವರು ಅಂತ ಅವಳಿಗೆ ಉಳಿದದ್ದು ಅಷ್ಟೇ.

ನೆಟ್ಟಳು. ಹೂ ಬಿಟ್ಟವು. ದಿನಾ ಸಂಜೆ ಅವುಗಳ ಮುಂದೆ ಕೂತು ಮಾತಾಡುವಳು. ಪುಷ್ಯದ ಒಂದು ಬೆಳಗ್ಗೆ ನೋಡಿದರೆ, ಎಲೆಯೆಲ್ಲ ಬೆಂದ ಸೊಪ್ಪಿನ ಹಾಗೆ ಕಪ್ಪಾಗಿ ನೆಲಕ್ಕೊರಗಿವೆ. ಸಂಕವ್ವ ಒಂದೊಂದೇ ಎಲೆ ಎತ್ತಿ ನಿಲ್ಲಿಸಲು ನೋಡಿದಳು.

ಪಕ್ಕದ ಮನೆಯ ಜೋಗಿಗೌಡ ಬಿತ್ತನೆ ಆಲೂಗಡ್ಡೆ ಕಾಪಿಡುವುದರಲ್ಲಿ ಪಳಗಿದವನು. ಬೇಲಿಯಾಚೆಯಿಂದಲೇ ಹೇಳಿದ, "ಎಲೆ ಸತ್ತಿದೆ, ಗೆಡ್ಡೆ ಮಲಗಿದೆ ತಾಯಿ. ಅಗೆದು ತೆಗಿ. ನೆರಳಲ್ಲಿ ಒಣಗಿಸು. ಒಣಮರಳಿನ ಬುಟ್ಟೀಲಿ ಹೂತು ಅಟ್ಟದ ಮೇಲಿಡು. ಯುಗಾದಿವರೆಗೆ ಮುಟ್ಟಬೇಡ."

ಸಂಕವ್ವ ಹಾಗೇ ಮಾಡಿದಳು, ಮುಟ್ಟಬೇಡ ಅನ್ನೋದೊಂದು ಬಿಟ್ಟು. ಬಿಸಿಲುನಾಡಿನ ಕೈ ಅದು, ಒಣಗಿದ್ದು ಕಂಡರೆ ನೀರು ಹಾಕುವ ಕೈ. ದಿನ ಬಿಟ್ಟು ದಿನ ಮರಳು ಕೆದಕುವಳು, ಗೆಡ್ಡೆ ಸವರುವಳು, "ಬಾಯಾರಿತಾ?" ಅಂತ ನೀರು ಚಿಮುಕಿಸುವಳು. ತಿಂಗಳು ತುಂಬುವಷ್ಟರಲ್ಲಿ ನಾಲ್ಕು ಕೊಳೆತು ಲೋಳೆಯಾದವು.

ಜೋಗಿಗೌಡ ಬುಟ್ಟಿ ನೋಡಿ ಗೊಣಗಿದ. "ಮಲಗಿದ ಮಗೂನ ಎಬ್ಬಿಸಿ ಎಬ್ಬಿಸಿ ಉಣ್ಣಿಸಿದ್ದೀಯ. ಗೆಡ್ಡೆ ಮಲಗಿರಲಿ ಬಿಡು, ನಿನಗೇ ನಿದ್ದೆ ಬರಲ್ವಾ?"

"ಬರಲ್ಲ ಜೋಗಣ್ಣ. ಅಂಗಳ ಬರಿದು, ಮನೆ ಬರಿದು. ಇನ್ಯಾರ ಹತ್ರ ಮಾತಾಡಲಿ?"

ಅವನು ಉಳಿದ ಗೆಡ್ಡೆಯನ್ನು ಒತ್ತಿ ನೋಡಿದ, ಗಟ್ಟಿಯಿತ್ತು. ಆಮೇಲೆ, "ಉಳಿದ ಒಂದನ್ನ ನಮ್ಮ ಅಟ್ಟಕ್ಕೆ ಕೊಡು. ಮುಟ್ಟಬೇಕು ಅನ್ನಿಸಿದಾಗೆಲ್ಲ ಬಂದು ನಮ್ಮ ಆಲೂಗಡ್ಡೆ ಆರಿಸು. ನಮ್ಮ ಮಾದಿಗೆ ಕಿವಿ ಕೇಳಲ್ಲ, ನೀನು ಎಷ್ಟು ಮಾತಾಡಿದರೂ ಬೇಜಾರಾಗಲ್ಲ" ಅಂದ.

ಸಂಕವ್ವನಿಗೆ ಬುಟ್ಟಿ ಬಿಡಲು ಮನಸ್ಸಿರಲಿಲ್ಲ. ಆದರೂ ಕೊಟ್ಟಳು. ಉಳಿದ ಚಳಿಗಾಲವೆಲ್ಲ ಅವಳು ಜೋಗಿಗೌಡನ ಹೆಂಡತಿ ಮಾದಿಯ ಎದುರು ಕೂತು ಕೊಳೆತ ಆಲೂಗಡ್ಡೆ ಬೇರೆ ಮಾಡಿದಳು, ತಾಯಿಯ ಸುದ್ದಿ ಹೇಳಿದಳು. ಮಾದಿ ತುಟಿ ನೋಡುತ್ತ ತಲೆಯಾಡಿಸುವಳು. ಅಟ್ಟದ ಕಡೆ ಸಂಕವ್ವನ ಕಣ್ಣು ಹೋಗುತ್ತಿತ್ತು, ಕೈ ಹೋಗಲಿಲ್ಲ.

ಯುಗಾದಿ ಕಳೆದು ನೆಟ್ಟರು. ಒಂದು ತಿಂಗಳು ಏನೂ ಇಲ್ಲ. ಸಂಕವ್ವ ಮಣ್ಣು ಕೆದಕಲಿಲ್ಲ. ಆಮೇಲೊಂದು ದಿನ ಸೂಜಿಯಷ್ಟು ಹಸಿರು ಎದ್ದಿತು.

ಜೋಗಿಗೌಡ ಆಮೇಲೆ ಆರು ವರ್ಷ ಬಾಳಿ ಕಣ್ಣು ಮುಚ್ಚಿದ. ಮಾದಿ ಸಂಕವ್ವನ ಮನೆಗೇ ಬಂದಳು, ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿ ಉಂಡರು. ಸಂಕವ್ವ ತವರಿಗೆ ಮತ್ತೆ ಹೋಗಲೇ ಇಲ್ಲ, ಹೋಗಲು ಅಲ್ಲಿ ಯಾರೂ ಇರಲಿಲ್ಲ. ಆ ಒಂದು ಗೆಡ್ಡೆ ಮರಿ ಹಾಕಿ ಹಾಕಿ, ಅವಳು ತೀರಿಕೊಳ್ಳುವ ಹೊತ್ತಿಗೆ ಮೂರು ಬುಟ್ಟಿ ತುಂಬಿತ್ತು.

ನೀತಿ: ಪ್ರೀತಿಯಿದ್ದರೆ ಸುಮ್ಮನೆ ಬಿಡುವುದನ್ನೂ ಕಲಿಯಬೇಕು. ನಮ್ಮ ಒಂಟಿತನಕ್ಕೆ ಮಲಗಿದ ಜೀವವನ್ನು ಕೆದಕಬಾರದು, ಎದ್ದು ಕೂತಿರುವ ಇನ್ನೊಂದು ಜೀವದ ಹತ್ತಿರ ಹೋಗಿ ಕೂರಬೇಕು.