ಬೊಮ್ಮಯ್ಯನವರಿಗೆ ತೇಗು ಬರಲಿಲ್ಲ

ಮಕ್ಕಳೇ, ಮೊದಲು ಆಘಾತಕಾರಿ ಸುದ್ದಿ. ನದಿಯೊಂದು ಕಡಲು ಸೇರುವ ಅಳಿವೆಯಲ್ಲಿ ಬಹುಕಾಲದಿಂದ ವಾಸವಾಗಿದ್ದ ಹಿರಿಯ ನೀರುನಾಯಿ ಬೊಮ್ಮಯ್ಯನವರು ಒಂದು ಮಧ್ಯಾಹ್ನ ಊಟ ಮುಗಿಸಿದರು, ಬಂಡೆಯ ಮೇಲೆ ಕೂತರು, ಮೀಸೆ ಒರೆಸಿಕೊಂಡರು, ಆದರೆ ತೇಗಲಿಲ್ಲ. ಯಾರಿಗೂ ಗಾಯಗಳಾಗಲಿಲ್ಲ. ಪರಿಸ್ಥಿತಿ ಉದ್ವಿಗ್ನವಾಗಿತ್ತು, ಆದರೆ ಹತೋಟಿಯಲ್ಲಿತ್ತು.

ಒಂದು ತೇಗಿಗೆ ಇಷ್ಟು ಗದ್ದಲವೇ ಎಂದು ನೀವು ಕೇಳಬಹುದು. ನಿಮ್ಮ ಮನೆಯಲ್ಲಿ ಜೋರಾಗಿ ತೇಗಿದರೆ ಅಮ್ಮ ಕಣ್ಣು ಕೆಂಪಗೆ ಮಾಡುತ್ತಾರೆ. ಅಳಿವೆಯಲ್ಲಿ ಹಾಗಲ್ಲ. ಅಲ್ಲಿ ಬೊಮ್ಮಯ್ಯನವರ ತೇಗು ಎಂದರೆ, ಹೊಟ್ಟೆ ತುಂಬಿತು, ಉಪಕಾರವಾಯಿತು ಎಂದು ಊಟಕ್ಕೆ ಹೇಳುವ ಮಾತು. ಊಟ ಆಗಲೇ ಹೊಟ್ಟೆಯೊಳಗೆ ಇರುವುದರಿಂದ ಅದಕ್ಕೆ ಈ ಮಾತು ಕೇಳಿಸುತ್ತದೆಯೇ ಎಂದು ಯಾರೂ ವಿಚಾರಿಸಿರಲಿಲ್ಲ.

ಆ ತೇಗಿಗೆ ಇನ್ನೊಂದು ಅರ್ಥವೂ ಇತ್ತು. ಇನ್ನು ನಾಳೆಯವರೆಗೆ ಬೇಟೆ ಇಲ್ಲ ಎಂಬ ಸೂಚನೆ ಅದು. ಅದನ್ನು ಕೇಳಿದ ಮೇಲೆಯೇ ತಳದ ಮೀನುಗಳು ಕೆಸರಿನಿಂದ ಎದ್ದು, ಹುಳುಹುಪ್ಪಟೆ ಹುಡುಕಿಕೊಂಡು ತಮ್ಮ ಊಟಕ್ಕೆ ಹೊರಡುತ್ತಿದ್ದವು. ತೇಗು ಬಾರದಿದ್ದರೆ ಮೇಲೆ ಒಬ್ಬರಿಗೆ ಅರೆಹೊಟ್ಟೆ, ಕೆಳಗೆ ಎಲ್ಲರಿಗೂ ಖಾಲಿ ಹೊಟ್ಟೆ.

ಆ ಮಧ್ಯಾಹ್ನ ಕೆಸರಿನಡಿ ಪದ್ದಕ್ಕ ಎಂಬ ನಂಗು ಮೀನು ಮಕ್ಕಳೊಂದಿಗೆ ಕಾಯುತ್ತಿತ್ತು. ನಂಗು ಮೀನನ್ನು ನೀವು ನೋಡಿರಬಹುದು. ರೊಟ್ಟಿಯಂತೆ ಚಪ್ಪಟೆ. ಮೇಲಿನ ಮೈ ಕೆಸರಿನ ಹಾಗೆ ಕಂದು, ಎರಡು ಕಣ್ಣೂ ಆ ಕಡೆಯೇ. ಕೆಳಗಿನ ಮೈ ಬಿಳಿ, ಅತ್ತ ಕಣ್ಣಿಲ್ಲ.

"ಅಮ್ಮಾ, ತೇಗಾಯಿತೇ?" ಎಂದು ಕಿರಿಯ ಮಗ ಕೇಳಿದ.

"ಇಲ್ಲ ಮಗಾ, ಸುಮ್ಮನಿರು."

"ಹಸಿವು."

"ನನಗೂ ಹಸಿವು. ಮೇಲಿರುವವರಿಗೂ ಹಸಿವು. ಅದೇ ತೊಂದರೆ."

ಮೀನು ಕಡಿಮೆಯಾಗಿರಬೇಕು ಎಂಬ ಅನುಮಾನ ಬೊಮ್ಮಯ್ಯನವರಿಗೆ ಬಂತು. ಅನುಮಾನದ ಮೇಲೆ ಏನೂ ಮಾಡಬಾರದು ಎಂಬುದು ಅವರ ಪದ್ಧತಿ. ಹಾಗಾಗಿ ವಾಸಪ್ಪನನ್ನು ಕರೆಸಿದರು.

ವಾಸಪ್ಪ ಒಂದು ನೀರುಕಾಗೆ. ಹತ್ತಾರು ಅಳಿವೆಗಳ ಮೀನು ಎಣಿಸಿ ಬಂದವನು. ರೆಕ್ಕೆ ಒಣಗಿಸಲು ಎರಡೂ ಕಡೆ ಚಾಚಿ ನಿಂತರೆ, ಭಾಷಣ ಮಾಡುತ್ತಿದ್ದಾನೆ ಎಂದೇ ಎಲ್ಲರೂ ತಿಳಿಯುತ್ತಿದ್ದರು. ಹೆಚ್ಚಿನ ಸಲ ಅದು ನಿಜವೂ ಆಗಿರುತ್ತಿತ್ತು.

"ನಾಳೆ ಎಣಿಕೆ," ಎಂದು ವಾಸಪ್ಪ ಸಾರಿದ. "ತಳದ ಮೀನುಗಳೆಲ್ಲ ಹೊರಗೆ ಬರಬೇಕು. ಎಣಿಕೆ ಮುಗಿಯುವವರೆಗೆ ಯಾರನ್ನೂ ತಿನ್ನುವುದಿಲ್ಲ."

ಸುದ್ದಿ ಕೆಸರಿಗೆ ಮುಟ್ಟಿತು. ಅಲ್ಲಿ ಪದ್ದಕ್ಕನ ನಾದಿನಿ ನೇತ್ರಕ್ಕನಿಗೆ ಬೇರೆಯೇ ಚಿಂತೆ.

"ಅತ್ತಿಗೆ, ಕಳೆದ ಎಣಿಕೆಯಲ್ಲಿ ಆ ಕಾಣೆ ಜಾತಿಯ ಮೀನುಗಳು ನಮಗಿಂತ ಹೆಚ್ಚು ಬಂದವು. ಅಂದಿನಿಂದ ಆ ಕಾಣೆ ಲಚ್ಚಮ್ಮ ಮೂತಿ ಚೂಪು ಮಾಡಿಕೊಂಡೇ ಓಡಾಡುತ್ತಾಳೆ."

"ಅವಳ ಮೂತಿ ಇರುವುದೇ ಹಾಗೆ, ನೇತ್ರಾ."

"ನೀವು ಯಾವಾಗಲೂ ಹೊರಗಿನವರ ಪರ. ನಾನೊಂದು ಉಪಾಯ ಮಾಡಿದ್ದೇನೆ. ವಾಸಪ್ಪ ತಳಕ್ಕೆ ಬರುವವನಲ್ಲ, ನಡುನೀರಿನಲ್ಲೇ ಈಜಿಕೊಂಡು ಎಣಿಸುತ್ತಾನೆ. ಅವನು ಒಂದು ಸಲ ದಾಟಿದ ಮೇಲೆ ನಾವೆಲ್ಲ ಮಗುಚಿಕೊಳ್ಳೋಣ. ಹಿಂದಿರುಗುವಾಗ ಬಿಳಿ ಮೈ ನೋಡಿ ಬೇರೆಯವರು ಅಂದುಕೊಳ್ಳುತ್ತಾನೆ."

"ಅದರಿಂದ ನಮಗೇನು ಲಾಭ?"

"ಲಾಭ ಯಾಕೆ ಬೇಕು? ಲಚ್ಚಮ್ಮನ ಮುಖ ನೋಡಿದರೆ ಸಾಲದೇ?"

ಪದ್ದಕ್ಕ ಸ್ವಲ್ಪ ಯೋಚಿಸಿದಳು. ಲಚ್ಚಮ್ಮನ ಮುಖ ಕಣ್ಣ ಮುಂದೆ ಬಂತು. ಮರುದಿನ ಅವಳೂ ಮಗುಚಿಕೊಂಡಳು, ಮಕ್ಕಳನ್ನೂ ಮಗುಚಿದಳು.

ವಾಸಪ್ಪ ಎಣಿಕೆ ಮುಗಿಸಿ ಬಂಡೆ ಹತ್ತಿದ. ರೆಕ್ಕೆ ಚಾಚಿದ. ಈ ಸಲ ಅದು ಭಾಷಣವೇ.

"ಮಹತ್ವದ ಸಂಗತಿ. ಈ ಅಳಿವೆಯಲ್ಲಿ ನಂಗು ಒಂದೇ ಜಾತಿ ಎಂದು ನಾವು ಇದುವರೆಗೆ ನಂಬಿದ್ದೆವು. ಎರಡಿವೆ. ಒಂದು ಕಂದು ನಂಗು. ಇನ್ನೊಂದು ಬಿಳಿ ನಂಗು. ಬಿಳಿಯದಕ್ಕೆ ಕಣ್ಣೇ ಇಲ್ಲ. ಇಂಥದು ಬೇರೆಲ್ಲೂ ಕಂಡುಬಂದಿಲ್ಲ. ಪತ್ತೆ ಹಚ್ಚಿದ್ದು ನಾನು."

"ಹಾಗಾದರೆ ಮೀನು ಇದೆಯಪ್ಪಾ?" ಎಂದರು ಬೊಮ್ಮಯ್ಯನವರು.

"ತುಂಬಿ ತುಳುಕುತ್ತಿದೆ. ನೀವು ಹುಡುಕುವುದು ಸಾಲದು, ಅಷ್ಟೇ. ಎಲ್ಲ ಕೆಸರಿನೊಳಗೆ ಅಡಗಿವೆ."

ಪಕ್ಕದಲ್ಲಿ ಬೊಮ್ಮಯ್ಯನವರ ಅಳಿಯ ಬೀರಯ್ಯ ಬಿಸಿಲು ಕಾಯಿಸುತ್ತಿದ್ದ. ಮಾವನ ಮನೆಗೆ ಎಂದೋ ಊಟಕ್ಕೆಂದು ಬಂದವನು, ಊಟ ಇನ್ನೂ ಮುಗಿದಿರಲಿಲ್ಲ.

"ಮಾವ, ಅಡಗಿದ್ದರೆ ಗುಡಿಸಿಬಿಡೋಣ. ನಾವೆಲ್ಲ ಸಾಲಾಗಿ ನಿಂತು, ಬಾಲದಿಂದ ಕೆಸರನ್ನು ಆ ದಡದಿಂದ ಈ ದಡಕ್ಕೆ ತಳ್ಳಿಕೊಂಡು ಬರೋಣ. ಸಿಕ್ಕಿದ್ದೆಲ್ಲ ಬಂಡೆಯ ಮೇಲೆ. ಒಂದೊಂದನ್ನೇ ಅಟ್ಟಿಸಿಕೊಂಡು ಹೋಗುವ ಕಷ್ಟ ಯಾಕೆ?"

ಬೊಮ್ಮಯ್ಯನವರಿಗೆ ಮನಸ್ಸಿರಲಿಲ್ಲ. ಆದರೆ ಹೇಳಿದವನು ಅಳಿಯ. ಜೊತೆಗೆ ಎಣಿಕೆಯ ಬೆಂಬಲವೂ ಇತ್ತು. ಎರಡನ್ನೂ ಒಟ್ಟಿಗೆ ಎದುರಿಸುವ ಧೈರ್ಯ ದೊಡ್ಡವರಿಗೂ ಇರುವುದಿಲ್ಲ, ಮಕ್ಕಳೇ.

ಗುಡಿಸಿದರು. ಮೊದಮೊದಲು ತೇಗಿನ ಸದ್ದು ಆಚೆ ದಡದ ಗುಡ್ಡಕ್ಕೆ ಬಡಿದು ಮರಳುತ್ತಿತ್ತು. ಕೆಸರಿನಡಿ ಉಳಿದಿದ್ದ ನಂಗುಗಳೂ ಸಂತೋಷಪಟ್ಟವು. ಎಣಿಕೆಯಲ್ಲಿ ಗೆದ್ದಿದ್ದವಲ್ಲ. ನೇತ್ರಕ್ಕ ದಿನಕ್ಕೊಮ್ಮೆ ಲಚ್ಚಮ್ಮನ ಮನೆಯ ಮುಂದೆ ಹಾದುಹೋಗುತ್ತಿದ್ದಳು, ಅತ್ತ ಕೆಲಸವೇನೂ ಇರಲಿಲ್ಲ.

ಆಮೇಲೆ ನೀರು ಅಂಬಲಿಯಂತಾಯಿತು. ಮರಿಗಳು ಅಡಗುತ್ತಿದ್ದ ನೀರುಹುಲ್ಲು ಬೇರುಸಹಿತ ಕಿತ್ತು ದಡ ಸೇರಿತು. ಹುಳುಗಳು ಸತ್ತವು. ಮೊದಲು ದೊಡ್ಡ ಮೀನು ಮುಗಿಯಿತು, ನಂತರ ನಡುವಿನದು. ಕೊನೆಗೆ ಬಂಡೆಯ ಮೇಲೆ ಬೀಳುತ್ತಿದ್ದದ್ದು ಎಲೆಯಷ್ಟಗಲದ ಮರಿಗಳು. ಅವನ್ನು ಎಷ್ಟು ತಿಂದರೂ ಬೊಮ್ಮಯ್ಯನವರಿಗೆ ತೇಗು ಬರಲಿಲ್ಲ. ತೇಗು ಇಲ್ಲದೆ ಕೆಳಗೆ ಯಾರೂ ಏಳಲಿಲ್ಲ. ಅಳಿವೆ ಹೀಗೆ ಎರಡೂ ಕಡೆಯಿಂದ ಉಪವಾಸ ಬಿತ್ತು.

ಅಂಥ ಒಂದು ದಿನ ಬೀರಯ್ಯನ ಬಾಲಕ್ಕೆ ಪದ್ದಕ್ಕನ ಕಿರಿಯ ಮಗ ಸಿಕ್ಕಿದ. ಕೆಸರಿನ ಜೊತೆ ಬಂಡೆಯ ಮೇಲೆ ಬಿದ್ದು ಪಟಪಟನೆ ಒದ್ದಾಡಿದ.

ಕೆಳಗೆ ಪದ್ದಕ್ಕ ಎದ್ದಳು.

"ಅತ್ತಿಗೆ, ತೇಗಾಗಿಲ್ಲ!" ಎಂದು ನೇತ್ರಕ್ಕ ಕೂಗಿದಳು. "ಎಲ್ಲಿಗೆ ಹೊರಟಿರಿ?"

"ಆಗುವುದೂ ಇಲ್ಲ," ಎಂದಳು ಪದ್ದಕ್ಕ. ಅಳಿವೆಯಲ್ಲಿ ತೇಗಿಗೆ ಮುಂಚೆ ತಾನಾಗಿ ಮೇಲೆ ಬಂದ ಮೊದಲ ಮೀನು ಅವಳೇ.

ಬಂಡೆಯ ಬುಡದಲ್ಲಿ ತೇಲಿ ನಿಂತು, "ಬೊಮ್ಮಯ್ಯನವರೇ, ಅವನನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ನನ್ನ ಮಾತು ಕೇಳಿ. ನೋಡಿ, ಇದು ಕಂದು ನಂಗು," ಎಂದಳು. ಆಮೇಲೆ ಮಗುಚಿಕೊಂಡಳು. "ಇದು ಬಿಳಿ ನಂಗು. ಎರಡೂ ನಾನೇ. ಎಣಿಕೆಯ ದಿನ ನಾವೆಲ್ಲ ಹೀಗೆ ಮಾಡಿದೆವು. ಇದ್ದದ್ದು ನೀವು ತಿಳಿದದ್ದರ ಅರ್ಧ. ಅದರಲ್ಲೂ ಈಗ ಉಳಿದಿರುವುದು ಬಹಳ ಕಡಿಮೆ."

ಬೀರಯ್ಯ ಬಿದ್ದು ಬಿದ್ದು ನಕ್ಕ. ಮಾವ ನಗುತ್ತಿಲ್ಲ ಎಂದು ತಿಳಿದ ಮೇಲೆ ನಿಲ್ಲಿಸಿದ.

ಎಲ್ಲರೂ ವಾಸಪ್ಪನ ಕಡೆ ನೋಡಿದರು. ವಾಸಪ್ಪ ಚಾಚಿದ್ದ ರೆಕ್ಕೆಗಳನ್ನು ಮೆಲ್ಲಗೆ ಮಡಚಿಕೊಂಡ. ಅವು ಇನ್ನೂ ಒಣಗಿರಲಿಲ್ಲ.

"ತಪ್ಪು ಅವರದೂ ಹೌದು, ನನ್ನದೂ ಹೌದು," ಎಂದ. "ಕಣ್ಣೇ ಇಲ್ಲದ ಮೀನು ಇಷ್ಟು ದಿನ ಹೇಗೆ ಬದುಕಿತು ಎಂದು ನಾನು ಕೇಳಿಕೊಳ್ಳಬೇಕಿತ್ತು. ಹೊಸ ಜಾತಿ ಸಿಕ್ಕಿದ ಖುಷಿಯಲ್ಲಿ ಕೇಳಲಿಲ್ಲ. ಇನ್ನೊಮ್ಮೆ ಎಣಿಸುತ್ತೇನೆ. ಈ ಸಲ ತಳಕ್ಕೇ ಇಳಿಯುತ್ತೇನೆ."

ಬೊಮ್ಮಯ್ಯನವರು ಮರಿಯನ್ನು ಎತ್ತಿ ನೋಡಿದರು. "ಇವನು ಹಲ್ಲಿನ ಸಂದಿಗೂ ಸಾಲುವುದಿಲ್ಲ," ಎಂದು ಮೆತ್ತಗೆ ನೀರಿಗೆ ಬಿಟ್ಟರು.

"ಉಪಕಾರವಾಯಿತು," ಎಂದಳು ಪದ್ದಕ್ಕ.

ಬೊಮ್ಮಯ್ಯನವರಿಗೆ ಮುಜುಗರವಾಯಿತು. "ಅದು ನಾನು ಹೇಳಬೇಕಾದ ಮಾತಮ್ಮ. ಜೀವಮಾನವೆಲ್ಲ ಹೊಟ್ಟೆಯೊಳಗೆ ಹೋದವರಿಗೆ ಹೇಳಿದೆ. ಕೇಳಿಸಿಕೊಳ್ಳುವ ಕಿವಿ ಎದುರಿಗೆ ಸಿಕ್ಕಿದ್ದು ಇದೇ ಮೊದಲು. ನೀನು ಬಂದು ಹೇಳದಿದ್ದರೆ ಉಪಕಾರ ಹೇಳಿಸಿಕೊಳ್ಳಲು ಈ ಅಳಿವೆಯಲ್ಲಿ ಯಾರೂ ಉಳಿಯುತ್ತಿರಲಿಲ್ಲ, ಹೇಳುವ ನಾನೂ ಉಳಿಯುತ್ತಿರಲಿಲ್ಲ."

ವಾಸಪ್ಪ ತಳಕ್ಕಿಳಿದ. ಪ್ರತಿ ಮೀನನ್ನೂ ಮಗುಚಿ ನೋಡಿ, ಎರಡು ಬದಿಗೂ ಯಜಮಾನರು ಒಬ್ಬರೇ ಎಂದು ಖಚಿತಪಡಿಸಿಕೊಂಡು ಎಣಿಸಿದ. ಕೊಕ್ಕಿಗೆ ಕೆಸರು ಮೆತ್ತಿಕೊಂಡು ಮೇಲೆ ಬಂದಾಗ ಯಾರೂ ನಗಲಿಲ್ಲ. ಅವನ ಮಾತೂ ಚಿಕ್ಕದಾಗಿತ್ತು.

"ಮೊಟ್ಟೆಯಿಡುವಷ್ಟು ಬೆಳೆದ ನಂಗು ನನ್ನ ಬಾಲದಷ್ಟಾದರೂ ಉದ್ದ ಇರುತ್ತದೆ. ಅಷ್ಟು ಉದ್ದದವು ಈಗ ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಮಕ್ಕಳು. ಮಕ್ಕಳನ್ನು ತಿಂದರೆ ಮೊಮ್ಮಕ್ಕಳು ಎಲ್ಲಿಂದ ಬರಬೇಕು?"

ಅಂದೇ ಎಲ್ಲರೂ ಒಪ್ಪಿದರು. ಗುಡಿಸುವುದು ನಿಂತಿತು. ವಾಸಪ್ಪನ ಬಾಲಕ್ಕಿಂತ ಗಿಡ್ಡವಾದದ್ದು ಸಿಕ್ಕರೆ ವಾಪಸು ನೀರಿಗೆ. ಮಳೆಗಾಲ ಪೂರ್ತಿ, ಮೀನು ಮೊಟ್ಟೆಯಿಡುವ ದಿನಗಳಲ್ಲಿ, ಯಾರೂ ಬೇಟೆಯಾಡುವಂತಿಲ್ಲ.

"ಅಲ್ಲಿಯವರೆಗೆ ನಾವು ತಿನ್ನುವುದೇನು?" ಎಂದು ಬೀರಯ್ಯ ಕೇಳಿದ.

"ಕಪ್ಪೆ," ಎಂದರು ಬೊಮ್ಮಯ್ಯನವರು.

ಬೀರಯ್ಯನಿಗೆ ಆ ಸಂಜೆಯೇ ತನ್ನ ಸ್ವಂತ ಊರು ನೆನಪಾಯಿತು.

ಬೊಮ್ಮಯ್ಯನವರು ನದಿಯ ಮೇಲ್ಭಾಗಕ್ಕೆ ಹೋಗಿ ಮಳೆಗಾಲವಿಡೀ ಕಪ್ಪೆ ತಿಂದರು. ಅವರಿಗೆ ಕಪ್ಪೆ ಇಷ್ಟವಿರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ. ಕೆಳಗೆ ನಂಗುಗಳು ತೇಗಿಗೆ ಕಾಯದೆ ಉಂಡವು. ನೀರುಹುಲ್ಲು ಚಿಗುರಿತು. ಪದ್ದಕ್ಕನ ಕಿರಿಯ ಮಗ ಬಲಿತ. ವಾಸಪ್ಪ ನೀರಿಗಿಳಿದಾಗಲೆಲ್ಲ ಮರಿಗಳು ಕೇಳದೆಯೇ ಎರಡೂ ಬದಿ ತೋರಿಸಿ ನಮಸ್ಕಾರ ಮಾಡುತ್ತಿದ್ದವು. ಲಚ್ಚಮ್ಮ ಒಂದು ದಿನ ತಾನಾಗಿ ಬಂದು, "ಪದ್ದಕ್ಕ, ಅವತ್ತು ನೀವು ಎದ್ದು ಹೋಗಿದ್ದರಿಂದ ನನ್ನ ಮಕ್ಕಳೂ ಉಳಿದವು," ಎಂದಳು. ಹಾಗೆ ಹೇಳುವಾಗ ಅವಳ ಮೂತಿ ಚೂಪಾಗಿಯೇ ಇತ್ತು. ಅದು ಇರುವುದೇ ಹಾಗೆ.

ಮಳೆ ನಿಂತಿತು. ಬೊಮ್ಮಯ್ಯನವರು ತೆಳ್ಳಗಾಗಿ ಮರಳಿ ಬಂದರು. ಬೇಟೆ ಶುರುವಾಗುವ ದಿನ ಮೀನುಗಳೆಲ್ಲ ಪದ್ಧತಿಯಂತೆ ಕೆಸರು ಸೇರಿದವು. ನೇತ್ರಕ್ಕ ಮಾತ್ರ ಸೇರಲಿಲ್ಲ.

"ಮಳೆಗಾಲದಲ್ಲಿ ನನ್ನಷ್ಟು ಬೆಳೆದವರು ಯಾರಿದ್ದಾರೆ, ಅತ್ತಿಗೆ? ಆ ಲಚ್ಚಮ್ಮನಿಗೂ ಗೊತ್ತಾಗಲಿ. ಅಳೆಸಿಕೊಂಡು ಬರುತ್ತೇನೆ."

"ನೇತ್ರಾ, ಅಳತೆ ಇರುವುದು ಯಾತಕ್ಕೆ ಎಂದು ಗೊತ್ತಿದೆಯಲ್ಲ?"

"ನಿಮಗೆ ಹೊಟ್ಟೆಕಿಚ್ಚು," ಎಂದು ನೇತ್ರಕ್ಕ ಮೇಲೆ ಹೋದಳು. ಬಂಡೆಯ ಬುಡದಲ್ಲಿ ಮೈ ಚಾಚಿ ನಿಂತು, "ಅಳೆಯಿರಿ ವಾಸಪ್ಪನವರೇ. ಬಾಲಕ್ಕಿಂತ ಉದ್ದ ಇದ್ದೇನೋ ಇಲ್ಲವೋ?" ಎಂದಳು.

ವಾಸಪ್ಪ ಬಾಲ ಇಳಿಬಿಟ್ಟು ನೋಡಿದ. "ಇದ್ದೀರಿ. ಆದರೆ ನೀವು ಕೆಳಗೆ ಹೋಗುವುದು ವಾಸಿ."

"ಮಗುಚಿಕೊಳ್ಳುತ್ತೇನೆ. ಆ ಕಡೆಯಿಂದಲೂ ಅಳೆಯಿರಿ."

"ಆ ಕಡೆಯಿಂದಲೂ ಅಷ್ಟೇ," ಎಂದ ವಾಸಪ್ಪ. ಅವನು ಪಾಠ ಕಲಿತಿದ್ದ.

ಆದರೆ ನೇತ್ರಕ್ಕ ಆಗಲೇ ಮಗುಚಿಕೊಂಡಿದ್ದಳು. ಆ ಕಡೆ ಕಣ್ಣಿರಲಿಲ್ಲ, ಬಂಡೆಯಿಂದ ಇಳಿಯುತ್ತಿದ್ದ ಬೊಮ್ಮಯ್ಯನವರು ಕಾಣಲಿಲ್ಲ.

ಬೊಮ್ಮಯ್ಯನವರು ಊಟ ಮುಗಿಸಿ, ಮೀಸೆ ಒರೆಸಿಕೊಂಡು, ಈ ಸಲ ನೀರಿನ ಕಡೆ ಮುಖ ಮಾಡಿ ಕೂತರು. ತೇಗು ಬಂತು. ಪದ್ದಕ್ಕ ಮಕ್ಕಳನ್ನು ಕರೆದುಕೊಂಡು ಊಟಕ್ಕೆ ಹೊರಟಳು.

ನೀತಿ: ಲೆಕ್ಕ ಕೇಳಿದಾಗ ಇದ್ದಷ್ಟೇ ಹೇಳಬೇಕು, ಊಟಕ್ಕೆ ಕೂತಾಗ ನಾಳೆಯೂ ಉಪಕಾರ ಹೇಳಲು ಯಾರಾದರೂ ಉಳಿಯುವಷ್ಟೇ ಉಣ್ಣಬೇಕು.