ನಾಲ್ಕು ಗೂಟದ ಮನೆ

“ಮತ್ತೆ ನಡುವೆ ಬಾಯಿ ಹಾಕಿದೆಯಾ ಹಂಪವ್ವ? ಒಂದು ಮಾತನ್ನಾದರೂ ಮುಗಿಸಲು ಬಿಡು. ಒಲೆಯ ಮೇಲಿನ ಹಾಲಿಗಾದರೂ ಉಕ್ಕಲು ಸ್ವಲ್ಪ ಹೊತ್ತು ಬೇಕು, ನಿನಗೆ ಅದೂ ಬೇಡ,” ಎಂದರು ಗುರುಗಳು.

ಹಂಪವ್ವ ಶಿಷ್ಯರಲ್ಲಿ ಚುರುಕಾದವಳು, ಸುಮ್ಮನೆ ಕೂರಲಾರದವಳು.

“ಲೆಕ್ಕ ತಪ್ಪಿದಾಗ ಹೇಗೆ ಸುಮ್ಮನಿರಲಿ? ಪರಮಾಣುವಿನ ಸುತ್ತ ಎಂಟು ಎಲೆಕ್ಟ್ರಾನು, ಅಂದರೆ ನಾಲ್ಕು ಜೋಡಿ, ನಾಲ್ಕು ಬಂಧ ಎಂದು ನಿನ್ನೆ ನೀವೇ ಹೇಳಿದಿರಿ. ಇವತ್ತು ರಂಜಕ ಐದು ಫ್ಲೋರಿನ್‌ಗಳನ್ನು ಹಿಡಿದುಕೊಂಡಿದೆ ಎನ್ನುತ್ತೀರಿ. ಐದನೆಯದು ಹೆಚ್ಚಾಯಿತು. ಅದನ್ನು ಹೊರಗೆ ಹಾಕಿ, ಇಲ್ಲವೆ ನಿಯಮವನ್ನು ಹೊರಗೆ ಹಾಕಿ.”

ಗುರುಗಳು ಅದಕ್ಕೊಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ಬೀಸುವ ಮನೆಯಲ್ಲಿ ನಾಲ್ಕು ಬೀಸುವ ಕಲ್ಲು, ಕಲ್ಲಿಗೊಂದು ಗೂಟ, ಗೂಟಕ್ಕೊಬ್ಬಳು ಹೆಂಗಸು. ನಾಲ್ಕು ಗೂಟದ ಮೇಲೆ ಐದನೆಯ ಗೂಟ ಕೂಡದು ಎಂಬುದು ಅವನ ಕಟ್ಟಳೆ.

ಒಂದು ದಿನ ಗಂಡನ ಮನೆಯವರು ಹೊರದೂಡಿದ ಒಬ್ಬಳು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಮೊದಲು ಪಕ್ಕದ ಬೀಸುವ ಮನೆಗೆ ಹೋಗಿದ್ದಳು. ಅದು ಬಲು ಇಕ್ಕಟ್ಟು. ಇನ್ನೊಬ್ಬಳು ಕೈ ಚಾಚಿದರೆ ಮೊಣಕೈ ಗೋಡೆಗೆ ಬಡಿಯುತ್ತಿತ್ತು. ಇಲ್ಲಿಯೂ ಇಲ್ಲವೆಂದರೆ ಅವಳಿಗೆ ಹೋಗಲು ಬೇರೆ ಬಾಗಿಲಿರಲಿಲ್ಲ.

“ಗೂಟ ಇರುವುದೇ ನಾಲ್ಕು. ನೀನೇನು ಬೆರಳಲ್ಲಿ ಬೀಸುತ್ತೀಯಾ ತಾಯಿ?” ಎಂದಳು ಒಬ್ಬಳು.

ಇನ್ನೊಬ್ಬಳು ತನ್ನ ಕಲ್ಲಿನಿಂದ ಹಿಂದಕ್ಕೆ ಸರಿದಳು. “ಎದುರಿಗೆ ಕೂರು. ನನ್ನ ಗೂಟವನ್ನೇ ಹಿಡಿ. ಕೈ ಉದ್ದಕ್ಕೆ ಚಾಚಬೇಕು, ಗೂಟದಲ್ಲಿ ಸಿಕ್ಕುವುದು ಅರ್ಧ ಹಿಡಿ. ರಟ್ಟೆಯಲ್ಲಿ ಕಸುವಿದ್ದರೆ ಉಳಿ, ಇಲ್ಲದಿದ್ದರೆ ನಡಿ.”

ಕಸುವಿತ್ತು. ಉಳಿದಳು. ಮೂವರು ತಮ್ಮ ತಮ್ಮ ಕಲ್ಲಿಗೆ ಒತ್ತಿ ಕೂತು ಬೀಸಿದರು. ಇಬ್ಬರು ಎದುರುಬದುರಾಗಿ, ದೂರದಿಂದ, ಒಂದೇ ಗೂಟವನ್ನು ಎಳೆದರು.

ಸುದ್ದಿ ವ್ಯಾಪಾರಿಗೆ ಮುಟ್ಟಿತು. ಐದನೆಯ ಗೂಟವನ್ನು ಎಲ್ಲೋ ಬಚ್ಚಿಟ್ಟಿದ್ದಾರೆ ಎಂದುಕೊಂಡು ಓಡಿ ಬಂದ. ಅಟ್ಟ ಹತ್ತಿದ. ಕಣಜಕ್ಕೆ ತಲೆ ಹಾಕಿ ಸೀನಿದ. ಎಷ್ಟು ಹುಡುಕಿದರೂ ಗೂಟ ನಾಲ್ಕೇ.

“ಗೂಟದ ಮಾತು ಬಿಡಿ,” ಎಂದ. “ಅರ್ಧ ಹಿಡಿಯಲ್ಲಿ ಎಳೆಯುವವಳೇ ಹೆಚ್ಚಾದವಳು. ಅವಳು ಹೊರಗೆ ನಡೆಯಲಿ.”

ಆದರೆ ಚಾಚಿದ ತೋಳು ಬಹಳ ಹೊತ್ತು ತಡೆಯುವುದಿಲ್ಲ. ಎದುರುಬದುರಾಗಿದ್ದ ಇಬ್ಬರು ಸರಿದು ಒಂದೊಂದು ಕಲ್ಲಿಗೆ ಒತ್ತಿ ಕೂತರು. ಕಲ್ಲಿಗೆ ಒತ್ತಿ ಕೂತಿದ್ದ ಇಬ್ಬರು ಎದುರುಬದುರಾದರು. ಒಬ್ಬಳು ಮಾತ್ರ ಕೂತಲ್ಲೇ ಇದ್ದಳು. ಮರುಗಳಿಗೆಗೆ ಅವಳೂ ಎದ್ದಳು, ಬೇರೆ ಜೋಡಿ ಕೂತಿತು. ವ್ಯಾಪಾರಿ ಬೆರಳು ಎತ್ತುವಷ್ಟರಲ್ಲಿ ಅಲ್ಲಿ ಇನ್ನೊಬ್ಬಳು. ಅವನು ಗೂಟ ಎಣಿಸಿದವನೇ ಹೊರತು ಒಂದು ದಿನವೂ ಅವರ ಮುಖ ನೋಡಿದವನಲ್ಲ. ಹಿಟ್ಟು ಮೆತ್ತಿ ಐವರೂ ಬೆಳ್ಳಗಿದ್ದರು. ಕೂಸಿನಿಂದ ಗುರುತು ಹಿಡಿಯೋಣವೆಂದರೆ ಅದೂ ಮಡಿಲಿಂದ ಮಡಿಲಿಗೆ ಹೋಗುತ್ತಿತ್ತು.

“ಯಾರು ಹೋಗಬೇಕು ಧಣಿ?” ಎಂದರು ಐವರೂ. ಕಲ್ಲು ನಿಲ್ಲಲಿಲ್ಲ.

ವ್ಯಾಪಾರಿ ಎತ್ತಿದ ಬೆರಳನ್ನು ಎತ್ತಿಕೊಂಡೇ ಹೊರಗೆ ಹೋದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಹಂಪವ್ವ ಕೂತಲ್ಲೇ ಅತ್ತ ಇತ್ತ ಹೊರಳಿದಳು.

“ರಂಜಕದ ಮನೆಯಲ್ಲೂ ಹೀಗೆಯೇ?”

“ಹೀಗೆಯೇ. ಒಳಗೆ ಬಚ್ಚಿಟ್ಟ ಐದನೆಯ ಗೂಟ ಇದೆ ಎಂದು ಹಿಂದಿನವರು ಬಹಳ ಕಾಲ ಹುಡುಕಿದರು. ಅಂಥ ಗೂಟ ಬೇಕಾಗಿಯೇ ಇರಲಿಲ್ಲ. ಜೋಡಿ ನಾಲ್ಕೇ. ಒಂದನ್ನು ಎದುರುಬದುರಿನ ಇಬ್ಬರು ಹಂಚಿಕೊಂಡಿದ್ದಾರೆ, ಅದಕ್ಕೇ ಆ ಎರಡು ಬಂಧ ಉದ್ದ. ಫ್ಲೋರಿನ್‌ಗಳೂ ಗಳಿಗೆಗೊಮ್ಮೆ ಜಾಗ ಬದಲಿಸುತ್ತವೆ. ಸಿಲಿಕಾನ್ ಮನೆ ವಿಶಾಲ, ಅಲ್ಲಿ ಆರು ಮಂದಿ ಅದೇ ನಾಲ್ಕನ್ನು ಹಂಚಿಕೊಂಡು ಕೂರುತ್ತಾರೆ. ಆ ಪಕ್ಕದ ಇಕ್ಕಟ್ಟಿನ ಮನೆ ಇಂಗಾಲದ್ದು.”

“ಆಯಿತು, ಹಂಚಿಕೊಳ್ಳಲಿ,” ಎಂದಳು ಹಂಪವ್ವ. ಬೆರಳು ಎತ್ತಿಯೇ ಎಂದಳು. “ಆದರೂ ಒಂದು ಹೆಚ್ಚಿನದೇ ತಾನೇ?”

ಗುರುಗಳು ಅವಳ ಬೆರಳನ್ನು ನೋಡಿದರು.

“ಎತ್ತಿದ್ದೀಯಲ್ಲ, ತೋರಿಸು ಮಗಳೇ, ಐವರಲ್ಲಿ ಐದನೆಯವಳು ಯಾರು?”